ಹಾಲೆಂಡಿನ ನೀರಿಗೊಂದು ಪೀಠ

ನೀರು ತಲೆಯ ಮೇಲೆ ಹರಿಯುವ ಊರೊಂದನ್ನು ನಾನು ನೋಡಿದ್ದೇನೆ. ರಸ್ತೆಯಲ್ಲಿ ನಿಂತರೆ ಪಕ್ಕದ ಕಾಲುವೆ ನಮ್ಮ ಭುಜಕ್ಕಿಂತ ಎತ್ತರದಲ್ಲಿರುತ್ತದೆ. ಹಸುಗಳು ಮೇಯುವ ಹುಲ್ಲುಗಾವಲಿನ ಮೇಲುಗಡೆ ಹಾಯಿದೋಣಿಯೊಂದು ಸದ್ದಿಲ್ಲದೆ ಹಾದುಹೋಗುತ್ತದೆ. ಹಸು ತಲೆ ಎತ್ತಿಯೂ ನೋಡುವುದಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ನನ್ನ ತಂಗಿ ಗಿರಿಜಳ ಜೊತೆ ಹಾಲೆಂಡಿಗೆ ಹೋಗಿ ಒಂದು ಬೇಸಿಗೆ ಇದ್ದು ಬಂದೆ. ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತುವವನು, ಮಾಲೂರಿನ ಹೈಸ್ಕೂಲಿನಿಂದಾಚೆಗೆ ಓದದವನು ಅಲ್ಲಿಗೇಕೆ ಹೋದ ಎಂದು ಕೇಳಿದವರಿಗೆಲ್ಲ ಇಷ್ಟು ವರ್ಷವೂ ಹಸುವಿನ ಕಥೆ, ದೋಣಿಯ ಕಥೆ, ಗಾಳಿಗಿರಣಿಯ ಕಥೆ ಹೇಳಿದ್ದೇನೆ. ಕೇಳಿದವರಿಗೆ ಸಂತೋಷವಾಗುತ್ತಿತ್ತು. ಅಲ್ಲಿ ನಾನು ಮಾಡಿದ ಒಂದು ಕೆಲಸವನ್ನು ಮಾತ್ರ ಬಿಟ್ಟು ಹೇಳುತ್ತಿದ್ದೆ. ಈಗ ಉಳಿ ಹಿಡಿದರೆ ಕೈ ನಡುಗುವ ವಯಸ್ಸು. ಬಿಟ್ಟದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಹೋಳೂರು ಕೆರೆ

ಗಿರಿಜ ನನಗಿಂತ ಬಹಳ ಚಿಕ್ಕವಳು. ಮಗುವಾಗಿದ್ದಾಗ ಪೋಲಿಯೋ ಬಂದು ಎಡಗಾಲು ಸೊರಗಿತು. ಬೆಳೆದಂತೆ ಸೊಂಟ ಎಡಕ್ಕೆ ಇಳಿಯಿತು, ಬೆನ್ನು ಅದಕ್ಕೆ ತಕ್ಕಂತೆ ಬಾಗಿತು. ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು, ಕೋಲು ಊರಿಕೊಂಡು ಓಡಾಡುತ್ತಿದ್ದಳು. ಮುಳಬಾಗಿಲಿನಲ್ಲಿ ಸೋದರಮಾವನ ಮನೆಯಲ್ಲಿದ್ದು ರವಿಕೆ ಹೊಲಿಯುತ್ತಿದ್ದಳು. ಅವಳ ಬಾಯಿಗೆ ಮಾತ್ರ ಯಾವ ಪಟ್ಟಿಯೂ ಇರಲಿಲ್ಲ.

ಎಪ್ಪತ್ತರ ದಶಕದಲ್ಲೊಮ್ಮೆ ಒಳ್ಳೆ ಮಳೆಯಾಗಿ ಹೋಳೂರಿನ ಕೆರೆ ತುಂಬಿತ್ತು. ಅಲ್ಲಿ ನಮ್ಮ ದೊಡ್ಡಮ್ಮನ ಮನೆ. ಗಿರಿಜ ಲಾರಿಯ ಟ್ಯೂಬಿನ ಮೇಲೆ ಹಲಗೆ ಕಟ್ಟಿಸಿಕೊಂಡು, ಎರಡು ತೆಂಗಿನ ಮಟ್ಟೆ ಹಿಡಿದು ಕೆರೆಗಿಳಿದಿದ್ದಳು. ಏರಿಯ ಮೇಲೆ ಒಂದು ಜೀಪು ನಿಂತಿತು. ಇಳಿದವರು ಗ್ರೀತ್ ಎಂಬ ಹಾಲೆಂಡಿನ ಹೆಂಗಸು. ಕೋಲಾರದ ಒಂದು ಆಸ್ಪತ್ರೆಯಲ್ಲಿ ಪೋಲಿಯೋ ಮಕ್ಕಳಿಗೆ ಕೈಕಾಲಿನ ವ್ಯಾಯಾಮ ಮಾಡಿಸುತ್ತಿದ್ದರು. ನಮ್ಮ ಜನಕ್ಕೆ ಅವರು ಗೀತಮ್ಮ. ಅವರ ಬಳಿ ಬರುವವರೆಲ್ಲ ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರಾದ್ದರಿಂದ ಕನ್ನಡ ತೆಲುಗು ಎರಡನ್ನೂ ಒಂದೇ ಭಾಷೆ ಎಂದುಕೊಂಡು ಕಲಿತಿದ್ದರು.

"ಏಯ್ ಅಮ್ಮಾಯಿ! ಎಕ್ಕಡ ಹೋಗ್ತೀಯಾ?" ಎಂದು ಏರಿಯಿಂದ ಕೂಗಿದರು.

"ಆ ಕಡೆ ದಡಕ್ಕೆ. ಬರ್ತೀರೇನಮ್ಮ? ಟಿಕೆಟ್ ಇಲ್ಲ!" ಎಂದಳು ನನ್ನ ತಂಗಿ.

ಸ್ನೇಹ ಬೆಳೆದದ್ದು ಹಾಗೆ. ಗೀತಮ್ಮ ಶಿವಾರಪಟ್ಟಣಕ್ಕೂ ಬಂದು ನಾನು ವಿಗ್ರಹವನ್ನು ಪೀಠಕ್ಕೆ ಕೂರಿಸುವುದನ್ನು ಬಹಳ ಹೊತ್ತು ನೋಡಿದ್ದರು. ವಿಗ್ರಹದ ತಳಕ್ಕೆ ಕೆಮ್ಮಣ್ಣು ಬಳಿದು ಪೀಠದ ಗುಳಿಯಲ್ಲಿ ಇಟ್ಟು ಎತ್ತುತ್ತೇವೆ. ಕೆಂಪು ಹತ್ತಿದ ಕಡೆ ಉಬ್ಬಿದೆ ಎಂದರ್ಥ, ಅಲ್ಲಿ ಸ್ವಲ್ಪ ಕೆತ್ತುತ್ತೇವೆ. ಮತ್ತೆ ಇಟ್ಟು ಎತ್ತುತ್ತೇವೆ. ಎಲ್ಲ ಕಡೆಯೂ ತೆಳುವಾಗಿ ಕೆಂಪು ಹತ್ತಿದರೆ ವಿಗ್ರಹ ಸರಿಯಾಗಿ ಕೂತಿತು.

ಗೀತಮ್ಮ ತಮ್ಮ ದೇಶಕ್ಕೆ ಹಿಂತಿರುಗಿ ಕೆಲವು ವರ್ಷಗಳಾದ ಮೇಲೆ ಕಾಗದದಲ್ಲಿ ಕರೆ ಬಂತು, ಹೋಗಿಬರುವ ಖರ್ಚೂ ಅವರದೇ. ಅವರ ಊರಿನಲ್ಲಿ ಹೆಂಕ್ ಎಂಬ ಮುದುಕ, ದೋಣಿ ಕಟ್ಟುವ ಬಡಗಿ, ಕಾಲಿಲ್ಲದವರೂ ಬಲವಿಲ್ಲದವರೂ ಹುಟ್ಟು ಹಾಕಿ ನಡೆಸಬಹುದಾದ ದೋಣಿಗಳನ್ನು ಮಾಡುತ್ತಿದ್ದಾನೆ. ಆ ಬೇಸಿಗೆ ಬೇರೆ ಬೇರೆ ಕಡೆಯಿಂದ ಅಂಥವರು ಬಂದು ಕೂತು ನೋಡುತ್ತಾರೆ, ಎಲ್ಲಿ ಸರಿಯಿಲ್ಲ ಎಂದು ಹೇಳುತ್ತಾರೆ. ಗಿರಿಜ ಬರಲಿ, ಅಣ್ಣನೂ ಬರಲಿ, ಅವಳು ಕೂರುವ ಪೀಠ ಕೆತ್ತಲು ಉಳಿ ತರಲಿ.

ಮುಳಬಾಗಿಲಿನ ಮಾವ ತಲೆ ಚಚ್ಚಿಕೊಂಡರು. "ಅಷ್ಟು ದೂರ ಹೋಗಿ ನೀರಲ್ಲಿ ಏನ್ಮಾಡ್ತೀಯೇ?"

"ಒಬ್ಳೇ ಕೂತ್ಕೋತೀನಿ ಮಾವ. ಬಸ್ ಹತ್ತೋಕೆ ಒಂದು ಕೈ, ಮೆಟ್ಲು ಇಳಿಯೋಕೆ ಒಂದು ಕೈ, ಬಾವಿ ಕಟ್ಟೆಗೋದ್ರೂ ಒಂದು ಕೈ ಬರುತ್ತೆ ಹಿಂದೇನೇ. ಯಾರ ಕೈಯೂ ಇಲ್ದೆ ಒಂದ್ಸಲ ಎಲ್ಲಿಗಾದ್ರೂ ಹೋಗ್ಬೇಕು."

ಮಾವ ನನ್ನ ಮುಖ ನೋಡಿದರು. ಅವಳು ಶಿವಾರಪಟ್ಟಣದಲ್ಲಿ ಇದ್ದಷ್ಟು ವರ್ಷವೂ ಆ ಕೈಗಳಲ್ಲಿ ಹೆಚ್ಚಿನವು ನನ್ನವೇ ಆಗಿದ್ದವು.

ಮೋಡದ ಮೇಲೆ

ಬೆಂಗಳೂರಿನ ವಿಮಾನ ನಿಲ್ದಾಣದ ತಪಾಸಣೆಯ ಬಾಗಿಲಲ್ಲಿ ಗಿರಿಜಳ ಕಾಲು ಕೂಗಿಕೊಂಡಿತು. ಪೊಲೀಸಿನವರು ಸೀರೆಯ ಕೆಳಗೆ ಏನಿದೆ ಎಂದು ಕೇಳಿದರು. ಅವಳು ಬೆರಳ ಗೆಣ್ಣಿನಿಂದ ತಟ್ಟಿ ತೋರಿಸಿದಳು. "ಕಬ್ಬಿಣ ಸಾರ್. ಕೋಲಾರದ್ದು."

"ಕೋಲಾರದ್ದಾದ್ರೆ ಚಿನ್ನ ಇರ್ಬೇಕಲ್ಲಮ್ಮ?"

"ಚಿನ್ನ ಆಗಿದ್ರೆ ನಾನ್ಯಾಕೆ ಸಾರ್ ನಡೀತಿದ್ದೆ? ಜನ ಪಲ್ಲಕ್ಕೀಲಿ ಹೊತ್ಕೊಂಡ್ ಹೋಗೋರು."

ಅವರು ನಕ್ಕು ಬಿಟ್ಟರು. ಬೊಂಬಾಯಿಯಲ್ಲಿ ನನ್ನ ಉಳಿಗಳ ಚೀಲ ಬಿಚ್ಚಿಸಿದರು. ಇಷ್ಟೊಂದು ಉಳಿ ಯಾಕೆ ಎಂದರು. ತಂಗಿಗೆ ಪೀಠ ಮಾಡಲು ಎಂದು ನನ್ನ ಹೈಸ್ಕೂಲು ಇಂಗ್ಲಿಷಿನಲ್ಲಿ ಹೇಳಿದೆ. ಅಧಿಕಾರಿ ಗಿರಿಜಳನ್ನು ಮೇಲಿಂದ ಕೆಳಗೆ ನೋಡಿ, ಯಾವುದೋ ಮಠದ ಮಾತಾಜಿ ಇರಬೇಕೆಂದುಕೊಂಡು ಕೈಮುಗಿದರು. ಅವಳೂ ಗಂಭೀರವಾಗಿ ಆಶೀರ್ವಾದ ಮಾಡಿದಳು.

ವಿಮಾನದ ಕಿಟಕಿಯಿಂದ ಮೋಡಗಳನ್ನು ಕಂಡೆ. ಹುತ್ತೂರಿನ ನೆಂಟರ ಮನೆಯಲ್ಲಿ ಬಿದಿರು ತಟ್ಟೆಯ ತುಂಬ ರೇಷ್ಮೆಗೂಡು ಹರಡಿರುತ್ತಿದ್ದವು, ಬೆಳಿಗ್ಗೆ ಬಾಗಿಲು ತೆರೆದರೆ ಕತ್ತಲೆ ಕೋಣೆಯೇ ಬೆಳ್ಳಗಾಗಿ ಕಾಣುತ್ತಿತ್ತು. ಹಾಗಿತ್ತು. ಎಚ್ಚರವೋ ನಿದ್ದೆಯೋ ತಿಳಿಯದ ಸ್ಥಿತಿಯಲ್ಲಿ ನಾನು ಆ ತಟ್ಟೆಗಳ ಮೇಲೆ ತೇಲುತ್ತಿದ್ದೆ. ಗಿರಿಜ ನಿದ್ದೆ ಮಾಡಲಿಲ್ಲ. ಗಾಜಿಗೆ ಹಣೆ ಒತ್ತಿಕೊಂಡು ಕೂತಿದ್ದಳು. ಯಾವಾಗಲೋ ಒಮ್ಮೆ, "ಅಣ್ಣಯ್ಯ, ಇಲ್ಲಿ ಯಾರಿಗೂ ಕಾಲೇ ಬೇಕಾಗಿಲ್ಲ ನೋಡು" ಎಂದಳು.

ಕಾಲುವೆಯ ಊರು

ಗೀತಮ್ಮನ ಊರು ಚಿಕ್ಕದು. ಒಂದು ದೊಡ್ಡ ಕೆರೆ, ಅದರಿಂದ ಹೊರಟ ಕಾಲುವೆಗಳು, ಕಾಲುವೆಗೆ ಮುಖ ಮಾಡಿದ ಇಟ್ಟಿಗೆ ಮನೆಗಳು. ನೀರು ನೆಲಕ್ಕಿಂತ ಮೇಲಿದೆ ಎಂಬುದು ನನಗೆ ವಿಚಿತ್ರವೆನಿಸಿದ್ದು ಮೊದಲ ದಿನ ಮಾತ್ರ. ಎರಡನೆಯ ದಿನ ಗಿರಿಜ, "ಇದೇನ್ ಮಹಾ? ಕೆರೆ ಏರಿ ಹಿಂದಿನ ಗದ್ದೆ ತಾನೆ?" ಎಂದಳು. ನಿಜ. ದೇಶಕ್ಕೆ ದೇಶವೇ ಏರಿಯ ಹಿಂದೆ ಕೂತಿತ್ತು. ನಮ್ಮಲ್ಲಿ ಏರಿಯ ಮುಂದೆ ನೀರು ಬರುತ್ತದೋ ಇಲ್ಲವೋ ಎಂದು ಕಾಯುತ್ತೇವೆ, ಅಲ್ಲಿ ಬಾರದಿರಲಿ ಎಂದು ಕಾಯುತ್ತಾರೆ.

ಅಲ್ಲಿಯವರು ಸಂಜೆ ದೀಪ ಹಚ್ಚಿದರೂ ಕಿಟಕಿಗೆ ಪರದೆ ಎಳೆಯುವುದಿಲ್ಲ. ಬೀದಿಯಲ್ಲಿ ನಡೆದರೆ ಮನೆಮನೆಯವರೂ ಉಣ್ಣುವುದು, ಓದುವುದು, ಹೆಣೆಯುವುದು ಕಾಣುತ್ತದೆ. ಯಾರೂ ಒಳಗೆ ನೋಡುವುದಿಲ್ಲ. ನಾನು ನೋಡುತ್ತಿದ್ದೆ. ಗಿರಿಜ ನನ್ನ ತೋಳು ಜಗ್ಗಿ, "ಮಾನ ಕಳೀಬೇಡ ಕಣೋ" ಎನ್ನುತ್ತಿದ್ದಳು. ಕಾಫಿಗೆ ಕರೆದರೆ ಒಂದು ಬಿಸ್ಕತ್ತು ಕೊಟ್ಟು ಡಬ್ಬಿಯ ಮುಚ್ಚಳ ಹಾಕಿಬಿಡುತ್ತಾರೆ. ಮೊದಲ ಸಲ ನಮ್ಮ ಪದ್ಧತಿಯಂತೆ ನಾನು ಬೇಡ ಎಂದೆ, ಇನ್ನೊಮ್ಮೆ ಒತ್ತಾಯ ಮಾಡಲಿ ಎಂದು. ಯಾರೂ ಮಾಡಲಿಲ್ಲ. ಡಬ್ಬಿ ಕಪಾಟು ಸೇರಿತು. ಗಿರಿಜ ತನ್ನದನ್ನು ನನ್ನೆದುರೇ ನಿಧಾನವಾಗಿ ತಿಂದಳು.

ಬೆಳಕಿನ ವಿಷಯ ಬರೆಯಲು ನನಗೆ ಸರಿಯಾದ ಮಾತಿಲ್ಲ. ಆ ಬೇಸಿಗೆಯಲ್ಲಿ ಸಂಜೆ ಮುಗಿಯುತ್ತಲೇ ಇರಲಿಲ್ಲ. ಊಟವಾಗಿ, ಪಾತ್ರೆ ತೊಳೆದು, ಮಾತಾಡಿ ಮುಗಿದರೂ ನೀರಿನ ಮೇಲೆ ಹಾಲಿನ ಕೆನೆಯಂಥ ಬೆಳಕು ನಿಂತಿರುತ್ತಿತ್ತು. ಬಾತುಕೋಳಿಗಳು ಅದನ್ನು ಸೀಳಿಕೊಂಡು ಹೋದರೆ ಹಿಂದೆ ಮತ್ತೆ ಕೂಡಿಕೊಳ್ಳುತ್ತಿತ್ತು. ನಮ್ಮೂರ ಬೆಳಕು ಕಲ್ಲಿನ ಅಂಚನ್ನು ಚೂಪಾಗಿ ತೋರಿಸುತ್ತದೆ. ಅಲ್ಲಿಯ ಬೆಳಕಿನಲ್ಲಿ ಯಾವುದಕ್ಕೂ ಅಂಚಿರಲಿಲ್ಲ.

ಹೆಂಕನ ಕೊಟ್ಟಿಗೆ

ಹೆಂಕನ ಕೆಲಸದ ಜಾಗ ಕಾಲುವೆಯ ದಡದ ಮರದ ಕೊಟ್ಟಿಗೆ. ಒಳಗೆ ಡಾಂಬರು, ಬಣ್ಣ, ಮರದ ಹೊಟ್ಟಿನ ವಾಸನೆ. ಹೆಂಕ್ ಎತ್ತರದ ಆಳು, ಮಾತು ಕಡಿಮೆ. ಅವನಿಗೆ ಬರುವ ಇಂಗ್ಲಿಷು ನನ್ನದಕ್ಕಿಂತಲೂ ಕಡಿಮೆ. ನಾವಿಬ್ಬರೂ ಉಪಕರಣ ಎತ್ತಿ ತೋರಿಸಿ ಮಾತಾಡುತ್ತಿದ್ದೆವು.

ಪಂದ್ಯದ ದೋಣಿಯಲ್ಲಿ ಕೂರುವ ಹಲಗೆಗೆ ಗಾಲಿ ಇರುತ್ತದೆ. ಕಾಲಿನಿಂದ ಒದ್ದರೆ ಹಲಗೆ ಹಿಂದಕ್ಕೆ ಜಾರುತ್ತದೆ, ಆ ಒದೆತದ ಬಲವೇ ಹುಟ್ಟಿಗೆ ಬರುತ್ತದೆ. ಕಾಲಿನ ಬಲವಿಲ್ಲದವರಿಗೆ ಅದು ಆಗದು. ಅದಕ್ಕೆ ಹೆಂಕ್ ಹಲಗೆಯನ್ನು ಅಲ್ಲಾಡದಂತೆ ಭದ್ರ ಮಾಡಿ, ಸೊಂಟ ಮತ್ತು ಬೆನ್ನನ್ನು ಹಿಡಿದುಕೊಳ್ಳುವ ಕುರ್ಚಿಯಂತೆ ಕಟ್ಟಿದ್ದ. ಎದೆಗೆ ಅಗಲವಾದ ಪಟ್ಟಿ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಕೊಂಡಿ. ಬೆರಳು ಮಡಚಲಾರದವರಿಗೆ ಹುಟ್ಟಿನ ಹಿಡಿಗೆ ಕೈಚೀಲದಂಥ ಗವಸು. ದೋಣಿ ಮಗುಚದಿರಲು ಎರಡು ಪಕ್ಕಕ್ಕೂ ಚಾಚಿದ ಕೋಲು, ಕೋಲಿನ ತುದಿಗೆ ಗಾಳಿ ತುಂಬಿದ ತೇಲುಡಬ್ಬಿ. ನಮ್ಮಲ್ಲಿ ಬಾವಿಯಲ್ಲಿ ಈಜು ಕಲಿಯುವವರು ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಳ್ಳುವುದಿಲ್ಲವೇ, ಹಾಗೆ. ಗಿರಿಜ ಅದನ್ನು ನೋಡಿದ ಕೂಡಲೇ, "ಅಯ್ಯೋ, ಬುರುಡೆ!" ಎಂದಳು. ಅಂದಿನಿಂದ ಹೆಂಕನೂ ಅದನ್ನು ಬುರುಡೆ ಎಂದೇ ಕರೆದ.

ಕೂರುವ ಪೀಠ ಮಾತ್ರ ಎಲ್ಲರಿಗೂ ಒಂದೇ ಆಗುವಂತಿರಲಿಲ್ಲ. ಅದು ನನ್ನ ಪಾಲಿನ ಕೆಲಸ. ಗೀತಮ್ಮ ಪರದೆಯ ಹಿಂದೆ ಗಿರಿಜಳನ್ನು ಹಸಿ ಪ್ಲಾಸ್ಟರಿನ ಮೇಲೆ ಕೂರಿಸಿ ಗುಳಿ ತೆಗೆದರು. ಆ ಗುಳಿಗೆ ಮತ್ತೆ ಪ್ಲಾಸ್ಟರ್ ಸುರಿದು, ಹೊರಗಿನದನ್ನು ಒಡೆದು ತೆಗೆದಾಗ ಅವಳ ಸೊಂಟ, ತೊಡೆ, ಬೆನ್ನಿನ ಕೆಳಭಾಗದ ಬಿಳಿಯ ಅಚ್ಚು ಹೊರಬಂತು. ಅದನ್ನು ನೋಡಿಕೊಂಡು, ಕೆಂಪು ಬಳಿದು ಇಟ್ಟು ಎತ್ತುತ್ತಾ, ಹಗುರ ಮರದಲ್ಲಿ ನಾನು ಪೀಠ ಕೆತ್ತಬೇಕು. ಶಿವಾರಪಟ್ಟಣದ ಕೆಲಸವೇ. ಹೆಂಕ್ ಅಚ್ಚನ್ನು ಕಿಟಕಿಯ ಹತ್ತಿರ, ಬೇರೆಯವರ ಅಚ್ಚುಗಳ ಸಾಲಿನಲ್ಲಿ ಇಟ್ಟು ಮನೆಗೆ ಹೋದ.

ನಾನು ಅದರ ಮುಂದೆ ಕೂತೆ. ತಂಗಿಯನ್ನು ಹುಟ್ಟಿನಿಂದ ನೋಡಿದ್ದೆ, ಎತ್ತಿಕೊಂಡಿದ್ದೆ. ಆದರೆ ಅವಳ ಸೊಂಟ ಎಷ್ಟು ಇಳಿದಿದೆ, ಬೆನ್ನು ಎಷ್ಟು ತಿರುಚಿದೆ ಎಂದು ಸೀರೆಯ ಮರೆಯಿಲ್ಲದೆ ಕಂಡದ್ದು ಅಂದೇ. ಎಡಭಾಗ ಮಾಂಸವಿಲ್ಲದೆ ಒಳಕ್ಕೆ ಸೊರಗಿತ್ತು, ಸೊಂಟ ಆ ಖಾಲಿಯ ಕಡೆಗೆ ಜಾರಿತ್ತು. ಬಲಭಾಗ ತುಂಬಿಕೊಂಡು ಕೆಳಕ್ಕೆ ಉಬ್ಬಿತ್ತು. ಕಿಟಕಿಗೆ ಪರದೆ ಹಾಕದ ಆ ಊರಿನಲ್ಲಿ, ದಾರಿಹೋಕರೆಲ್ಲ ನೋಡಬಹುದಾದ ಜಾಗದಲ್ಲಿ ಅದು ಕೂತಿತ್ತು.

ನಮ್ಮ ಕೆಲಸದಲ್ಲಿ ಕಲ್ಲಿನ ಮೇಲೆ ಮೊದಲು ಎಳೆಯುವುದು ನಡುಗೆರೆ. ಆ ಗೆರೆಯ ಈ ಕಡೆ ಎಷ್ಟೋ ಆ ಕಡೆಯೂ ಅಷ್ಟೇ. ಮರದ ತುಂಡಿನ ಮೇಲೆ ನಾನು ನಡುಗೆರೆ ಎಳೆದೆ. ಕೈ ತಾನಾಗಿಯೇ ಎಳೆಯಿತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಮೊದಲ ಸಲ ಅಚ್ಚು ಇಟ್ಟು ಎತ್ತಿದಾಗ ಬಲಗಡೆ ಮಾತ್ರ ಕೆಂಪು ಹತ್ತಿತ್ತು, ಎಡಗಡೆ ಮರ ಬೆಳ್ಳಗೆ ಉಳಿದಿತ್ತು. ಬಲಗಡೆ ಆಳವಾಗಿಸಿ ಎಡಗಡೆ ಹಾಗೇ ಎತ್ತರಕ್ಕೆ ಬಿಡಬೇಕಿತ್ತು. ನಾನು ಕೆಂಪನ್ನು ಬಟ್ಟೆಯಿಂದ ಒರೆಸಿದೆ. ಎರಡೂ ಕಡೆ ಸಮವಾಗಿ ಕೆತ್ತಿದೆ. ಸಮನಾದ ಪೀಠದಲ್ಲಿ ಕೂತರೆ ಅವಳೂ ಸಮನಾಗಿ ಕೂರುತ್ತಾಳೆ ಎಂದು ನಂಬಿದೆ, ಅಥವಾ ನಂಬಬೇಕೆಂದುಕೊಂಡೆ.

ಪೀಠ ಬಹಳ ಚೆನ್ನಾಗಿ ಬಂತು. ಅಂಚಿಗೆ ಸಣ್ಣ ಪದ್ಮದ ಎಸಳೂ ಬಿಡಿಸಿದೆ. ಅಚ್ಚು ಮಾತ್ರ ಕಿಟಕಿಯ ಬಳಿ ಉಳಿದಿತ್ತು, ಅದನ್ನು ಇಟ್ಟು ನೋಡಿದರೆ ಯಾರಿಗಾದರೂ ತಿಳಿಯುತ್ತಿತ್ತು.

ನಮ್ಮಲ್ಲಿ ಭಿನ್ನವಾದ ವಿಗ್ರಹವನ್ನು ಪೂಜೆಗೆ ಇಡುವುದಿಲ್ಲ. ಮೂಗು ಮುಕ್ಕಾದರೂ ಬೆರಳು ಮುರಿದರೂ ನೀರಿಗೆ ಬಿಡುತ್ತೇವೆ. ತಂದೆ ಬಿಡುವುದನ್ನು ಎಷ್ಟೋ ಸಲ ನೋಡಿದ್ದೆ. ಒಂದು ಬೆಳಿಗ್ಗೆ ಹೆಂಕ್ ಬರುವ ಮೊದಲು ಅಚ್ಚನ್ನು ಎತ್ತಿಕೊಂಡು ಕೊಟ್ಟಿಗೆಯ ಹಿಂದೆ ಹೋದೆ. ಮಂಜಿತ್ತು. ಕಾಲುವೆ ಎಲ್ಲಿ ಮುಗಿದು ಗಾಳಿ ಎಲ್ಲಿ ಶುರುವಾಯಿತು ಎಂದು ಗೊತ್ತಾಗುತ್ತಿರಲಿಲ್ಲ. ಬಿಳಿಯ ಅಚ್ಚು ಬಿಳಿಯ ನೀರಿನೊಳಗೆ ಸುಮ್ಮನೆ ಇಳಿದುಹೋಯಿತು. ನಾನು ಕೈಮುಗಿದೆ. ಉಸಿರಾಡುವ ತಂಗಿ ನಾಲ್ಕು ಮನೆಯಾಚೆ ಮಲಗಿದ್ದಾಗ ಅವಳ ರೂಪವನ್ನು ನೀರಿಗೆ ಬಿಟ್ಟು ಕೈಮುಗಿದೆ.

ಹೆಂಕನಿಗೆ, ಕೈಜಾರಿ ಒಡೆಯಿತು, ಚೂರುಗಳನ್ನು ಎಸೆದೆ ಎಂದು ಸನ್ನೆ ಮಾಡಿದೆ. ಅವನು ಭುಜ ಕುಣಿಸಿ ಪೀಠವನ್ನು ಕೈಗೆತ್ತಿಕೊಂಡ. ಎಸಳುಗಳ ಮೇಲೆ ಬೆರಳಾಡಿಸಿ ತಲೆದೂಗಿದ.

ಬುರುಡೆ ಮುಳುಗಿದ ದಿನ

ದೋಣಿಗಿಳಿಸುವ ಮೊದಲು ಕೊಟ್ಟಿಗೆಯಲ್ಲೇ ಗಿರಿಜಳನ್ನು ಪೀಠದಲ್ಲಿ ಕೂರಿಸಿ ನೋಡಿದರು. "ಬಲಗಡೆ ಒತ್ತುತ್ತೆ ಅಣ್ಣಯ್ಯ" ಎಂದಳು.

"ಹೊಸದಲ್ವೇನೇ, ಅಭ್ಯಾಸ ಆಗುತ್ತೆ" ಎಂದೆ.

ಅವಳು ನಂಬಿದಳು. ಗೀತಮ್ಮ ಏನೆಂದು ಕೇಳಿದಾಗ, "ಪರ್ವಾಲೇದು" ಎಂದು ಗೀತಮ್ಮ ಯಾವಾಗಲೂ ಹೇಳುವ ತೆಲುಗಿನ 'ಪರವಾಗಿಲ್ಲ'ವನ್ನೇ ಅವರಿಗೆ ತಿರುಗಿಸಿದಳು.

ಕೆರೆ ಆ ದಿನ ಕನ್ನಡಿಯ ಹಾಗಿತ್ತು. ದಡದಲ್ಲಿ ದೋಣಿ ಕ್ಲಬ್ಬಿನ ಹಿರಿಯರು ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರ ಒಪ್ಪಿಗೆಯಿಲ್ಲದೆ ಹೆಂಕನ ದೋಣಿ ಆ ನೀರಿಗಿಳಿಯುವ ಹಾಗಿರಲಿಲ್ಲ. ಗಿರಿಜ ಸೀರೆ ಬಿಟ್ಟು ಗೀತಮ್ಮನ ಪ್ಯಾಂಟು ತೊಟ್ಟಿದ್ದಳು. ಮೊದಲ ಕೆಲವು ಎಳೆತಕ್ಕೆ ದೋಣಿ ಚೆನ್ನಾಗಿ ಹೋಯಿತು. ಆಮೇಲೆ ಪ್ರತಿ ಎಳೆತಕ್ಕೂ ಅವಳು ಎಡಕ್ಕೆ ಸ್ವಲ್ಪ ಸ್ವಲ್ಪ ಜಾರುವುದು ದಡದಿಂದಲೇ ಕಂಡಿತು. ಬಲಗಡೆ ಪೀಠ ತಳ್ಳುತ್ತಿತ್ತು, ಎಡಗಡೆ ಆತುಕೊಳ್ಳಲು ಏನೂ ಇರಲಿಲ್ಲ. ಎದೆಪಟ್ಟಿ ಅವಳ ಭಾರವನ್ನೆಲ್ಲ ಆ ಕಡೆಗೇ ಹಿಡಿದು ನಿಲ್ಲಿಸಿತು. ಎಡಗಡೆಯ ಹುಟ್ಟು ಆಳಕ್ಕೆ ಸಿಕ್ಕಿಕೊಂಡಿತು, ಬುರುಡೆ ನೀರೊಳಗೆ ಹೋಯಿತು, ದೋಣಿ ಮೆಲ್ಲನೆ, ನಿದ್ದೆಯಲ್ಲಿ ಮಗ್ಗುಲು ಬದಲಿಸುವವರ ಹಾಗೆ, ಮಗುಚಿತು.

ನನಗೆ ಈಜು ಬರುತ್ತದೆ. ಕಾಲು ಕದಲಲಿಲ್ಲ. ಅವಳ ಪಕ್ಕದಲ್ಲೇ ಮೋಟಾರು ದೋಣಿಯಲ್ಲಿ ಹೆಂಕನ ಜೊತೆಗಿದ್ದ ಗೀತಮ್ಮ ನೀರಿಗೆ ಹಾರಿ ಎದೆಪಟ್ಟಿಯ ಕೊಂಡಿ ಎಳೆದರು. ಹೆಂಕ್ ಅವಳನ್ನು ತೋಳು ಹಿಡಿದು ಮೇಲಕ್ಕೆತ್ತಿದ. ದಡಕ್ಕೆ ತಂದಾಗ ಕೆಮ್ಮುತ್ತಿದ್ದಳು, ತುಟಿ ನೀಲಿಯಾಗಿತ್ತು. ಮೊದಲ ಮಾತು, "ನೀರು ಉಪ್ಪಿಲ್ಲ" ಎಂದು. ಗೀತಮ್ಮ ಅವಳನ್ನು ತಬ್ಬಿಕೊಂಡು ಅತ್ತರು.

ಹೆಂಕ್ ತೇಲುಡಬ್ಬಿಗಳನ್ನು ಬಿಚ್ಚಿ ತಿರುಗಿಸಿ ಮುರುಗಿಸಿ ನೋಡಿದ. ತಪ್ಪು ತನ್ನದೇ, ಡಬ್ಬಿ ಚಿಕ್ಕದಾಯಿತು ಎಂದು ಹಿರಿಯರ ಮುಂದೆ ಟೋಪಿ ತೆಗೆದು ಹೇಳಿದ. ಗೀತಮ್ಮ ನಮಗೆ ಅರ್ಥ ಹೇಳಿದರು. ಹಿರಿಯರು ತೀರ್ಮಾನ ಮಾಡಿದರು: ಇಂಥವರು ಒಬ್ಬೊಬ್ಬರೇ ದೋಣಿಯಲ್ಲಿ ಹೋಗಬಾರದು. ಹಿಂದೆ ಸರಿಯಿರುವವರೊಬ್ಬರು ಕೂತಿರಬೇಕು. ಹೆಂಕ್ ಒಬ್ಬರೇ ಕೂರುವ ದೋಣಿ ಕಟ್ಟುವುದನ್ನು ನಿಲ್ಲಿಸಬೇಕು.

ಕಂಬಳಿ ಹೊದ್ದಿದ್ದ ಗಿರಿಜ ಅದನ್ನು ಕೇಳಿ ಕಣ್ಣು ಮುಚ್ಚಿದಳು. "ಮತ್ತೆ ಒಂದು ಕೈ" ಎಂದಳು.

ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಮುದ್ದೆ ಮಾಡಿದ ಸಂಜೆ

ಮರುದಿನ ಗಿರಿಜಳ ಬಲ ಸೊಂಟದ ಮೇಲೆ ಕಾಸಿನಗಲ ಚರ್ಮ ಕಿತ್ತು ಬಂದಿತ್ತು. ಹೆಂಕ್ ಎರಡು ದಿನ ಕೊಟ್ಟಿಗೆಯ ಬಾಗಿಲು ತೆರೆಯಲಿಲ್ಲ. ಹೊರಗಿನ ಕಲ್ಲಿನ ಮೇಲೆ ಕೂತು ಚುಟ್ಟ ಸೇದುತ್ತಿದ್ದ. ನನ್ನನ್ನು ಕಂಡರೆ ಜಾಗ ಬಿಟ್ಟು ಪಕ್ಕಕ್ಕೆ ಸರಿಯುತ್ತಿದ್ದ. ನಾನು ಕೂರುತ್ತಿದ್ದೆ. ಇಬ್ಬರಿಗೂ ಭಾಷೆಯಿಲ್ಲದ್ದು ಆಗ ಎಷ್ಟು ಅನುಕೂಲವೆನಿಸಿತು!

ಮೂರನೆಯ ಸಂಜೆ ಗೀತಮ್ಮ ಅವನನ್ನು ಊಟಕ್ಕೆ ಕರೆದರು. ನಾವು ಚೀಲದಲ್ಲಿ ತಂದಿದ್ದ ರಾಗಿ ಹಿಟ್ಟಿನಲ್ಲಿ ಗಿರಿಜ ಕೂತಲ್ಲೇ ಮುದ್ದೆ ತಿರುವಿದಳು, ನಾನು ಪಾತ್ರೆ ಹಿಡಿದುಕೊಂಡೆ. ಕಿಟಕಿಯಾಚೆ ಇನ್ನೂ ಬಿಸಿಲಿತ್ತು. ಹೆಂಕ್ ಬರುವುದಕ್ಕೆ ಸ್ವಲ್ಪ ಮುಂಚೆ, ಮುದ್ದೆಕೋಲನ್ನು ಪಾತ್ರೆಯ ಅಂಚಿಗೆ ಬಡಿಯುತ್ತಾ ಅವಳು ಹೇಳಿದಳು.

"ಎರಡೂ ಕಡೆ ಒಂದೇ ಸಮ ಮಾಡಿದೀಯ."

ನಾನು ಪಾತ್ರೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ.

"ನೀರಿಂದ ತಂದಾದ್ಮೇಲೆ ಪೀಠಾನ ಅಂಗೈಯಲ್ಲಿ ತಡವಿ ನೋಡ್ದೆ. ಅಣ್ಣಯ್ಯ, ನಾನು ಒಂದೇ ಸಮ ಇದೀನೇನೋ?"

"ಚೆನ್ನಾಗಿ ಕಾಣ್ಲಿ ಅಂತ ಕಣೇ..."

"ಯಾರಿಗೆ? ಅದರ ಮೇಲೆ ನಾನು ಕೂತ್ರೆ ಯಾರಿಗೆ ಕಾಣುತ್ತೆ?" ಕೋಲು ನಿಂತಿತು. "ಅಚ್ಚು ಒಡೀಲಿಲ್ಲ ಅಲ್ವಾ? ಎಲ್ಲಿ ಹಾಕ್ದೆ?"

ಕಾಲುವೆಯ ಕಡೆ ನೋಡಿದೆ. ಅವಳಿಗೆ ಅಷ್ಟು ಸಾಕಾಯಿತು. ಶಿವಾರಪಟ್ಟಣದ ಮಗಳು ಅವಳೂ.

"ಭಿನ್ನ ಅಂತಾ?" ಎಂದಳು. ಧ್ವನಿ ಏರಲಿಲ್ಲ. ಮುದ್ದೆಗೆ ನೀರು ಚಿಮುಕಿಸಿ, ಒದ್ದೆ ಕೈಯಲ್ಲಿ ಉಂಡೆ ಕಟ್ಟತೊಡಗಿದಳು. ಕಟ್ಟಿದ ಉಂಡೆಯನ್ನು ತಟ್ಟೆಗಿಟ್ಟಳು. ಆಮೇಲೆ, "ಆ ಮುದುಕ ಬರ್ತಾನೆ. ನೀನು ಹೇಳ್ತೀಯೋ ನಾನು ಹೇಳ್ಲೋ?" ಎಂದಳು.

ಹೆಂಕ್ ಮುದ್ದೆಯನ್ನು ರೊಟ್ಟಿಯಂತೆ ಅಗಿಯಲು ಹೋಗಿ ಹಲ್ಲಿಗೆಲ್ಲ ಅಂಟಿಸಿಕೊಂಡ. "ಅಗೀಬೇಡ, ನುಂಗು!" ಎಂದು ಗಿರಿಜ ಗಂಟಲು ತೋರಿಸಿದಳು. ಗೀತಮ್ಮ ಬಿದ್ದು ಬಿದ್ದು ನಕ್ಕರು. ಆ ನಗುವಿನ ನಡುವೆಯೇ ನಾನು ಬಾಯಿ ಬಿಟ್ಟೆ. ಡಬ್ಬಿಯ ತಪ್ಪಲ್ಲ, ಪೀಠದ ತಪ್ಪು, ನಾನು ಅಚ್ಚಿನಂತೆ ಕೆತ್ತಲಿಲ್ಲ, ಬೇಕೆಂದೇ ಸಮ ಮಾಡಿದೆ ಎಂದೆ. ಗೀತಮ್ಮನ ನಗು ನಿಂತಿತು. ನನ್ನನ್ನೇ ನೋಡುತ್ತಾ ಅವನಿಗೆ ಅವರ ಭಾಷೆಯಲ್ಲಿ ಹೇಳಿದರು.

ಹೆಂಕ್ ಎದ್ದು ಹೊರಗೆ ಹೋದ. ಹೊಡೆಯಲು ದೊಣ್ಣೆ ತರುತ್ತಾನೆಂದುಕೊಂಡೆ, ಹಾಗಾಗಿದ್ದರೆ ಚೆನ್ನಾಗಿತ್ತು. ಪೀಠವನ್ನು ತಂದು ಊಟದ ಮೇಜಿನ ಮೇಲಿಟ್ಟು ಎರಡೂ ಅಂಗೈಗಳನ್ನು ಎರಡು ಕಡೆಗೂ ಇಟ್ಟು ನೋಡಿದ. ಏನೋ ಅಂದ.

"ಇಷ್ಟು ಚೆಂದ ಇತ್ತು, ಅದಕ್ಕೇ ತನಗೆ ಅನುಮಾನ ಬರ್ಲಿಲ್ಲ ಅಂತಾನೆ" ಎಂದರು ಗೀತಮ್ಮ.

ಅಚ್ಚನ್ನು ನೀರಿಗೆ ಬಿಟ್ಟ ಮಾತು ನನ್ನ ಬಾಯಿಂದ ಬರಲಿಲ್ಲ. ಒಡೆದುಹೋಯಿತೆಂದೇ ಅವರಿಬ್ಬರೂ ತಿಳಿದುಕೊಂಡಿದ್ದರು. ಗಿರಿಜ ನನ್ನ ಮುಖ ನೋಡಿದಳು, ಕಾದಳು, ಆಮೇಲೆ ತಟ್ಟೆ ನೋಡಿದಳು. ಹೆಂಕ್ ಹೋಗುವಾಗ ನನ್ನ ಭುಜ ತಟ್ಟಿದ. ಅವನು ತೀರಿಕೊಂಡು ಬಹಳ ವರ್ಷವಾಯಿತು. ಗೀತಮ್ಮನೂ ಇಲ್ಲ. ತಟ್ಟಿದ ಆ ಭುಜ ಇನ್ನೂ ನನ್ನ ಜೊತೆಗಿದೆ.

ಎರಡನೆಯ ಅಚ್ಚು

ಹೆಂಕ್ ಕ್ಲಬ್ಬಿನ ಹಿರಿಯರ ಬಳಿಗೆ ಮತ್ತೆ ಹೋದ. ಅವರು ಸುಲಭವಾಗಿ ಒಪ್ಪಲಿಲ್ಲ. ಹೊಸ ಪೀಠ ಮಾಡಿ, ಎದೆಮಟ್ಟದ ನೀರಿನಲ್ಲಿ ಹಗ್ಗ ಕಟ್ಟಿ ಮೊದಲು ತೋರಿಸಿ, ಆಮೇಲೆ ನೋಡೋಣ ಎಂದರು.

ಈ ಸಲ ಗಿರಿಜ ಪರದೆ ಬೇಡವೆಂದಳು. ಗೀತಮ್ಮನ ತೆಳು ಪ್ಯಾಂಟು ತೊಟ್ಟು ಹಸಿ ಪ್ಲಾಸ್ಟರಿನಲ್ಲಿ ಕೂತು, "ಬಾ ಇಲ್ಲಿ, ಎದುರಿಗೆ ಕೂತ್ಕೋ. ಗಟ್ಟಿ ಆಗೋವರ್ಗೂ ನೋಡ್ತಾ ಇರು" ಎಂದಳು. ಕೂತೆ. ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಅವಳು ಸುಖವಾಗಿದೆ ಎಂದಳು, ಬಾಣಂತಿಗೆ ಕೆಂಡ ಇಟ್ಟ ಹಾಗೆ ಎಂದಳು. ಶ್ರೀನಿವಾಸಪುರದಲ್ಲಿ ಈ ಹೊತ್ತಿಗೆ ಮಾವಿನಕಾಯಿ ಲಾರಿ ಹೊರಟಿರುತ್ತವೆ, ಯಾರಾದರೂ ತಂದುಕೊಟ್ಟರೆ ಚೆನ್ನಾಗಿತ್ತು ಎಂದಳು. ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಹೇಳಬಹುದಿತ್ತು.

ಆ ಪೀಠಕ್ಕೆ ನಾನು ನಡುಗೆರೆ ಎಳೆಯಲಿಲ್ಲ. ಗೆರೆಯಿಲ್ಲದ ಮರದ ಮುಂದೆ ಕೈಗೆ ದಿಕ್ಕೇ ತಿಳಿಯಲಿಲ್ಲ, ಕಲಿಯುವ ಹುಡುಗನ ಹಾಗೆ ಆಯಿತು. ಅಚ್ಚಿಗೆ ಕೆಂಪು ಬಳಿದು ಇಟ್ಟು ಎತ್ತಿದೆ, ಕೆಂಪಿದ್ದಲ್ಲಿ ಕೆತ್ತಿದೆ, ಇಲ್ಲದಲ್ಲಿ ಬಿಟ್ಟೆ. ಎಡಗಡೆ ಗುಡ್ಡದಂತೆ ಎದ್ದಿತು, ಬಲಗಡೆ ಹಳ್ಳವಾಯಿತು, ಬೆನ್ನಿನ ಹಲಗೆ ಒಂದು ಕಡೆಗೆ ವಾಲಿತು. ನಮ್ಮೂರಿನ ಯಾವ ಆಚಾರಿಯಾದರೂ ನೋಡಿದ್ದರೆ, ಯಾರಪ್ಪ ಇದನ್ನು ಕೆಡಿಸಿದವನು ಎಂದು ಕೇಳುತ್ತಿದ್ದ. ಎಸಳು ಬಿಡಿಸಲಿಲ್ಲ. ಕೊನೆಗೆ ಇಟ್ಟು ಎತ್ತಿದಾಗ ಎಲ್ಲ ಕಡೆಯೂ ತೆಳುವಾಗಿ, ಒಂದೇ ಹದವಾಗಿ ಕೆಂಪು ಹತ್ತಿತು.

ಗಿರಿಜಳನ್ನು ಅದರಲ್ಲಿ ಕೂರಿಸಿದೆವು. ಅವಳು ಆ ಕಡೆ ಈ ಕಡೆ ತೂಗಿ ನೋಡಿದಳು. ಎದೆಪಟ್ಟಿ ಇಲ್ಲದೆ ಎರಡೂ ಕೈ ಮೇಲೆತ್ತಿದಳು. ಜಾರಲಿಲ್ಲ.

"ಹೆಂಗಿದೆಯೇ?" ಎಂದೆ.

"ಯಾರೋ ಹಿಡ್ಕೊಂಡಂಗಿದೆ" ಎಂದಳು. ಕೈ ಇಳಿಸಿ ಪೀಠದ ಅಂಚು ತಡವಿ, "ಆದ್ರೆ ಯಾರೂ ಹಿಡ್ಕೊಂಡಿಲ್ಲ" ಎಂದಳು.

ಕೆರೆ

ಹಗ್ಗ ಕಟ್ಟಿಕೊಂಡು ಕೆಲವು ದಿನ ದಡದ ಪಕ್ಕದಲ್ಲೇ ಹೋಗಿಬಂದಳು. ಹಿರಿಯರು ಮೂಗು ಮುರಿಯುತ್ತಲೇ ಒಪ್ಪಿದರು. ನಾವು ಊರಿಗೆ ಹೊರಡುವ ಮೊದಲು ಒಂದು ಬೆಳಿಗ್ಗೆ ಹಗ್ಗ ಬಿಚ್ಚಿದರು. ಮೋಟಾರು ದೋಣಿ ದೂರದಲ್ಲಿ ಸದ್ದು ನಿಲ್ಲಿಸಿಕೊಂಡು ಕಾದಿತ್ತು.

ದೋಣಿಯಲ್ಲಿ ಹುಟ್ಟು ಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುತ್ತಾರೆ. ಮುಂದೇನಿದೆ ಎಂದು ಅವರಿಗೆ ಕಾಣುವುದಿಲ್ಲ. ಬಿಟ್ಟು ಹೊರಟ ದಡದಲ್ಲಿ ಒಂದು ಗುರುತು ಇಟ್ಟುಕೊಂಡು, ಅದು ಎಡಕ್ಕೂ ಬಲಕ್ಕೂ ಹೋಗದಂತೆ ನೋಡಿಕೊಂಡರೆ ದೋಣಿ ನೇರವಾಗಿ ಹೋಗುತ್ತದೆ. ಹೆಂಕ್ ಅವಳಿಗೆ ದಡದ ಬಿಳಿಯ ಕಂಬವೊಂದನ್ನು ತೋರಿಸಿದ್ದ.

ನೀರಿನ ಮೇಲೆ ಮಂಜು ಮೊಣಕಾಲೆತ್ತರಕ್ಕೆ ಹಾಸಿತ್ತು. ಹುಟ್ಟು ಮುಳುಗುವ ಸದ್ದು, ಏಳುವಾಗ ಹನಿ ಬೀಳುವ ಸದ್ದು, ಅಷ್ಟೇ. ದೋಣಿ ಕಾಣುತ್ತಿರಲಿಲ್ಲ. ಮಂಜಿನ ಮೇಲೆ ಗಿರಿಜ ಮಾತ್ರ ಸೊಂಟದಿಂದ ಮೇಲೆ ಕಾಣುತ್ತಾ, ನನ್ನ ಕಡೆಗೇ ಮುಖ ಮಾಡಿಕೊಂಡು, ನನ್ನಿಂದ ದೂರ ಹೋಗುತ್ತಿದ್ದಳು. ಪ್ರತಿ ಎಳೆತಕ್ಕೂ ಮುಂದಕ್ಕೆ ಬಾಗಿ ಹಿಂದಕ್ಕೆ ವಾಲುತ್ತಿದ್ದಳು. ನನ್ನನ್ನೇ ನೋಡುತ್ತಿದ್ದಾಳೆ ಎನಿಸಿತು. ಏನಾದರೂ ಹೇಳುತ್ತಾಳೆ ಎನಿಸಿತು. ಕೈ ಎತ್ತಬೇಕೆಂದು ಒಂದು ಹೆಜ್ಜೆ ಮುಂದೆ ಹೋದೆ.

ಹುಟ್ಟುಗಳು ನಿಂತವು. ಅವಳು ಕುತ್ತಿಗೆ ಚಾಚಿ ಕೂಗಿದಳು.

"ಅಣ್ಣಯ್ಯಾ! ಕಂಬಕ್ಕೆ ಅಡ್ಡ ನಿಂತಿದೀಯ ಕಣೋ! ಸರ್ಕೋ, ನಂಗೆ ದಾರಿ ಕಾಣ್ತಿಲ್ಲ!"

ನಾನು ಪಕ್ಕಕ್ಕೆ ಸರಿದು ನಿಂತೆ. ಹುಟ್ಟುಗಳು ಮತ್ತೆ ನೀರಿಗಿಳಿದವು.